ಸೊಳ್ಳೆ ಸಿಗದ ಪೋಸ್ಟ್‌ಕೋಡ್

ನಾನು ಇಂಗ್ಲೆಂಡಿನಲ್ಲಿ ಸೊಳ್ಳೆ ಹಿಡಿಯುವ ಕೆಲಸದಲ್ಲಿದ್ದೇನೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ನಗಲು ಶುರು ಮಾಡಿರುತ್ತಾರೆ. ಆದ್ದರಿಂದ ನಗೆಪ್ರಸಂಗಗಳಿಗಾಗಿ ನಾನು ಎಲ್ಲಿಗೂ ಹೋಗಬೇಕಾಗಿಲ್ಲ, ಅವೇ ನನ್ನನ್ನು ಹುಡುಕಿಕೊಂಡು ಬರುತ್ತವೆ. ನನ್ನ ಗಂಡ ನಾಟಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ಅವರಿಗೆ ಏನು ಕೆಲಸ ಎಂದು ಯಾರೂ ಎರಡನೇ ಸಲ ಕೇಳಿದ್ದು ನಾನು ಕಂಡಿಲ್ಲ. ನನ್ನನ್ನು ಮಾತ್ರ ಎಲ್ಲರೂ ಎರಡು ಸಲ ಕೇಳುತ್ತಾರೆ, ಮೂರನೇ ಸಲ ಪಾಪ ಅನ್ನುವ ಹಾಗೆ ನೋಡುತ್ತಾರೆ.

ಕೆಲಸ ನಿಜಕ್ಕೂ ಗಂಭೀರವಾದದ್ದು. ಕಪ್ಪು ಬಕೆಟ್‌ಗಳಲ್ಲಿ ನೀರು ತುಂಬಿ, ಒಳಗೆ ಒಂದು ಮರದ ಪಟ್ಟಿ ನಿಲ್ಲಿಸಿ, ಮನೆಗಳ ಹಿತ್ತಲು, ಹಳೇ ಟಯರ್ ಅಂಗಡಿ, ಮೋಟರ್‌ವೇ ಪಕ್ಕದ ಲಾರಿ ನಿಲ್ದಾಣಗಳಲ್ಲಿ ಇಟ್ಟು ಬರುತ್ತೇನೆ. ವಾರಕ್ಕೊಮ್ಮೆ ಹೋಗಿ ಯಾವ ಸೊಳ್ಳೆ ಮೊಟ್ಟೆ ಇಟ್ಟಿದೆ ಎಂದು ನೋಡುತ್ತೇನೆ. ಈ ಊರಿನ ಸಾಧಾರಣ ಸೊಳ್ಳೆಯ ಮೊಟ್ಟೆ ಬೇಕಾದಷ್ಟು ಸಿಗುತ್ತದೆ. ನಾವು ಕಾಯುತ್ತಿರುವುದು ಹುಲಿ ಸೊಳ್ಳೆಯನ್ನು. ಕಾಲಿಗೆ ಬಿಳಿ ಪಟ್ಟೆ, ಬೆನ್ನಿಗೆ ಬೆಳ್ಳಿ ಗೆರೆ ಇರುವ ಆ ಮಹಾರಾಯಿತಿ ಯೂರೋಪಿನಿಂದ ಲಾರಿ ಹತ್ತಿ ಬರುತ್ತಾಳೆ. ಬಂದವಳು ಬೆಂಗಳೂರಿನಿಂದ ಡೆಂಗಿ ಹೊತ್ತು ತಂದವರೊಬ್ಬರನ್ನು ಕಚ್ಚಬೇಕು. ಆ ವೈರಸ್ ಅವಳ ಹೊಟ್ಟೆಯಲ್ಲಿ ಕೆಲವು ದಿನ ಬೆಳೆದು ಜೊಲ್ಲಿಗೆ ಇಳಿಯಬೇಕು. ಆಮೇಲೆ ಅವಳು ಪಕ್ಕದ ಮನೆಯವರನ್ನು ಕಚ್ಚಿದರೆ, ಡೆಂಗಿ ಯಾವ ವೀಸಾ ಇಲ್ಲದೆ ಇಲ್ಲಿ ನೆಲೆಸಿದ ಹಾಗೆ.

ಇಲ್ಲೊಂದು ತಮಾಷೆ ಇದೆ. ಹುಲಿ ಸೊಳ್ಳೆ ಸಿಕ್ಕರೆ ದೇಶಕ್ಕೆ ಗಂಡಾಂತರ, ಸಿಗದಿದ್ದರೆ ನನಗೆ. ಹೋದ ಬೇಸಿಗೆಯಲ್ಲಿ ನನ್ನ ಕಾಂಟ್ರ್ಯಾಕ್ಟ್ ಮುಗಿಯುವುದರಲ್ಲಿತ್ತು. ಏನಾದರೂ ಹೊಸತು ಸಿಗದಿದ್ದರೆ ಮುಂದುವರಿಸಿ ಎಂದು ಮೇಲಿನವರನ್ನು ಕೇಳುವುದು ಕಷ್ಟ ಎಂದು ನಮ್ಮ ಬಾಸ್ ಹೇಳಿದ್ದರು. ಅವರು ಲೀಡ್ಸ್ ಕಡೆಯವರು. ಖುಷಿಯಾದರೂ, ದುಃಖವಾದರೂ ಅವರ ಮುಖ ಒಂದೇ ತರಹ ಇರುತ್ತದೆ. ಬಹಳ ಮೆಚ್ಚಿದಾಗ "ನಾಟ್ ಬ್ಯಾಡ್" ಅನ್ನುತ್ತಾರೆ. ನಾನು ಅದನ್ನು ಒಂದೇ ಸಲ ಕೇಳಿದ್ದು, ಅದೂ ಅವರು ಸ್ಯಾಂಡ್‌ವಿಚ್‌ಗೆ ಹೇಳಿದ್ದು. ಹೀಗಾಗಿ ಇಡೀ ಬೇಸಿಗೆ ನಾನು ದೇಶಕ್ಕೆ ಕೇಡು ಬಯಸುತ್ತ ಓಡಾಡಿದೆ.

ಕಾಲಿನ ವಾಸನೆ

ನಮ್ಮ ಹತ್ತಿರ ಫ್ಯಾನ್ ಇರುವ ಇನ್ನೊಂದು ತರಹದ ಬೋನೂ ಇದೆ. ಅದರಲ್ಲಿ ಒಂದು ಸಣ್ಣ ಪೊಟ್ಟಣ ಇಡುತ್ತೇವೆ. ಮನುಷ್ಯರ ಕಾಲಿನ ವಾಸನೆಯನ್ನು ವಿಜ್ಞಾನಿಗಳು ಕಷ್ಟಪಟ್ಟು ತಯಾರು ಮಾಡಿ ಅದರಲ್ಲಿ ತುಂಬಿರುತ್ತಾರೆ. ನಮ್ಮ ಮನೆಯಲ್ಲಿ ಅದು ಯಾವ ಕಷ್ಟವೂ ಇಲ್ಲದೆ ತಯಾರಾಗುತ್ತದೆ, ಇರಲಿ. ಸೊಳ್ಳೆಗಳಿಗೆ ಆ ವಾಸನೆ ಅಂದರೆ ಪ್ರಾಣ.

ಒಂದು ಶನಿವಾರ ಆ ಪೊಟ್ಟಣವನ್ನು ಬಿಚ್ಚಿ, ಹಾಳೆಯಲ್ಲಿ ಸುತ್ತಿ, ಬ್ಯಾಗಿನಲ್ಲಿ ಹಾಕಿಕೊಂಡು ಲಾರಿ ನಿಲ್ದಾಣಕ್ಕೆ ಹೊರಟಿದ್ದೆ. ದಾರಿಯಲ್ಲಿ ಅರಿವಳಿಕೆ ಡಾಕ್ಟರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗಂಡ ಆಗಲೇ ಅಲ್ಲಿದ್ದರು. ಮಂಗಳಾರತಿ ತೆಗೆದುಕೊಂಡು ಹೋದರಾಯಿತು ಎಂದು ಒಳಗೆ ಹೋದೆ. ಚಪ್ಪಲಿ ಬಿಟ್ಟ ಕಡೆಯೇ ಬ್ಯಾಗನ್ನೂ ಇಟ್ಟೆ. ಅವತ್ತು ಚಳಿಯೆಂದು ಹಾಕಿದ್ದ ಹೀಟರು ಪಕ್ಕದಲ್ಲೇ ಇತ್ತು.

ಪುರೋಹಿತರು ಎರಡನೇ ಅಧ್ಯಾಯಕ್ಕೆ ಬಂದಾಗ ವಾಸನೆ ಹಾಲಿಗೆ ಬಂತು. ನಮ್ಮವರು ಎಂಥ ಸಭ್ಯರು ಎಂದು ನನಗೆ ಅವತ್ತು ಗೊತ್ತಾಯಿತು. ಯಾರೂ ಮೂಗು ಮುಚ್ಚಲಿಲ್ಲ, ಯಾರೂ ಯಾರನ್ನೂ ನೋಡಲಿಲ್ಲ. ಗಂಡಸರೆಲ್ಲ ಒಬ್ಬೊಬ್ಬರಾಗಿ ಕಾಲನ್ನು ಮಡಚಿ ಪಂಚೆಯೊಳಗೆ, ಪ್ಯಾಂಟಿನ ಕೆಳಗೆ ಸೇರಿಸಿಕೊಂಡರು. ಹೃದಯದ ಡಾಕ್ಟರೊಬ್ಬರು ಫೋನ್ ಬಂದವರ ಹಾಗೆ ಎದ್ದು ಬಚ್ಚಲಿಗೆ ಹೋಗಿ, ಪ್ಯಾಂಟಿನ ಅಂಚು ಒದ್ದೆ ಮಾಡಿಕೊಂಡು ಬಂದರು. ಅವರನ್ನು ನೋಡಿ ಇನ್ನಿಬ್ಬರು ಎದ್ದರು. ಮೂರನೇ ಅಧ್ಯಾಯದ ಹೊತ್ತಿಗೆ ಬಚ್ಚಲಿನ ಮುಂದೆ ಕ್ಯೂ ಇತ್ತು. ಮನೆಯ ಯಜಮಾನರು ವಾಸನೆ ತಮ್ಮದೇ ಕಾಲಿನದಿರಬೇಕೆಂದುಕೊಂಡು, ಸಂಕಲ್ಪ ಮಾಡಿದ ಮಣೆಯ ಮೇಲೆ ನೆಟ್ಟಗೆ ಕೂರಲಾರದೆ ಒದ್ದಾಡುತ್ತಿದ್ದರು.

ನಾನು ಎದ್ದು ಹೇಳಬಹುದಿತ್ತು. ಆದರೆ ಪೂಜೆಯ ನಡುವೆ ಏನೆಂದು ಹೇಳುವುದು? ಪ್ರಸಾದ ತೆಗೆದುಕೊಂಡು, ಬ್ಯಾಗು ಎತ್ತಿಕೊಂಡು ಹೊರಟೆ. ಮುಂದಿನ ತಿಂಗಳು ಇನ್ನೊಬ್ಬರ ಮನೆಯಲ್ಲಿ ಪೂಜೆಯಾದಾಗ ಗಂಡಸರೆಲ್ಲ ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದರು. ಒಬ್ಬರದಕ್ಕೆ ಇನ್ನೂ ಚೀಟಿ ನೇತಾಡುತ್ತಿತ್ತು.

ಮೊದಲ ಪೂಜೆಯ ದಿನ ರಾತ್ರಿಯೇ ಗಂಡ ಬಹಳ ಸಂಕೋಚದಿಂದ, ತಮ್ಮ ಕಾಲಿಗೆ ಏನೋ ಫಂಗಸ್ ಆಗಿರಬಹುದು, ಸೋಮವಾರ ನಮ್ಮ ಜಿಪಿ ಡಾಕ್ಟರಿಗೆ ತೋರಿಸುತ್ತೇನೆ ಎಂದರು. ಮದುವೆಯಾದಾಗಿನಿಂದ ನಾನು ಹೇಳುತ್ತಲೇ ಬಂದಿದ್ದ ಮಾತು ಅದು. ಹೋಗಿ ಬನ್ನಿ ಅಂದೆ.

ಪ್ರಯೋಗ ಮುಟ್ಟಬೇಡಿ

ಮ್ಯಾಂಚೆಸ್ಟರಿನ ಫಾಲೋಫೀಲ್ಡ್ ಅಂದರೆ ಬರೀ ವಿದ್ಯಾರ್ಥಿಗಳ ಮನೆಗಳು. ಅಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ಬಕೆಟ್ ಇಡಲು ಹುಡುಗರು ಒಪ್ಪಿದ್ದರು. ಒಪ್ಪಿದ್ದು ಯಾವುದಕ್ಕೆ ಎಂದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಮುಂದಿನ ವಾರ ಹೋಗಿ ನೋಡಿದರೆ ಬಕೆಟ್ಟಿನ ತುಂಬ ಸಿಗರೇಟಿನ ತುಂಡು. ತೊಳೆದು, ನೀರು ತುಂಬಿ, ಇದು ವೈಜ್ಞಾನಿಕ ಪ್ರಯೋಗ, ದಯವಿಟ್ಟು ಮುಟ್ಟಬೇಡಿ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಅದರ ಮುಂದಿನ ವಾರ ನನ್ನ ಬಕೆಟ್ಟನ್ನು ಯಾರೂ ಮುಟ್ಟಿರಲಿಲ್ಲ. ಆದರೆ ಪಕ್ಕದಲ್ಲಿ ಇನ್ನೊಂದು ಟಬ್ ಬಂದಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಟಬ್. ಅದರಲ್ಲಿ ಪಾಸ್ತಾ ಅಂಟಿದ ತಟ್ಟೆ, ಬಾಣಲೆ, ಒಂದು ಕುಕ್ಕರು ನೀರಿನಲ್ಲಿ ಮುಳುಗಿದ್ದವು. ಅದರ ಮೇಲೂ ನನ್ನದೇ ಮಾತುಗಳ ಚೀಟಿ: ಇದು ವೈಜ್ಞಾನಿಕ ಪ್ರಯೋಗ, ದಯವಿಟ್ಟು ಮುಟ್ಟಬೇಡಿ. ಒಳಗಿದ್ದ ಹುಡುಗನನ್ನು ಕೇಳಿದೆ. ಪಾತ್ರೆ ತೊಳೆಯುವ ಸರದಿ ಯಾರದು ಎಂಬ ಜಗಳ ತೀರುವ ತನಕ ಹೊರಗಿಟ್ಟಿದ್ದಾರಂತೆ. ಜಗಳ ಶುರುವಾಗಿ ಎಷ್ಟು ದಿನವಾಯಿತು ಎಂದು ಅವನಿಗೂ ಗೊತ್ತಿರಲಿಲ್ಲ.

ಎರಡರಿಂದಲೂ ನೀರು ತೆಗೆದುಕೊಂಡು ಹೋಗಿ ನೋಡಿದೆ. ನನ್ನ ಬಕೆಟ್ಟಿನಲ್ಲಿ ಏನೂ ಇರಲಿಲ್ಲ. ಅವರ ಕುಕ್ಕರಿನಲ್ಲಿ ಸೊಳ್ಳೆಮರಿ ಗಿಜಿಗುಡುತ್ತಿದ್ದವು. ಬಾಸ್‌ಗೆ ಹೇಳಿದೆ. ಅವರು, ಮುಂದಿನ ವರ್ಷದಿಂದ ನಮ್ಮ ಬಕೆಟ್ಟಿಗೂ ಸ್ವಲ್ಪ ಪಾಸ್ತಾ ಹಾಕೋಣ ಎಂದರು.

ಹುರಿದ ಸೊಳ್ಳೆ

ಜನರೂ ಸೊಳ್ಳೆ ಹಿಡಿದು, ಸತ್ತ ಮೇಲೆ ನಮಗೆ ಕೊಡಬಹುದು ಎಂದು ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೇಳಿದ್ದೆ. ಕೇಳಿದವರಲ್ಲಿ ಮ್ಯಾಕಲ್ಸ್‌ಫೀಲ್ಡಿನ ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಧಾರವಾಡದವರೊಬ್ಬರು ಇದನ್ನು ಮನಸ್ಸಿಗೆ ತೆಗೆದುಕೊಂಡರು. ಎರಡು ವಾರದಲ್ಲಿ ಒಂದು ಡಬ್ಬಿ ತಂದುಕೊಟ್ಟರು. ತೆಗೆದು ನೋಡಿದರೆ ಸಾಸಿವೆ ಒಗ್ಗರಣೆ ಸೀದು ಹೋದ ಹಾಗೆ ಕರ್ರಗೆ ಏನೋ ಪುಡಿ. ಊರಿಂದ ತಂದ ಎಲೆಕ್ಟ್ರಿಕ್ ಬ್ಯಾಟಿನಲ್ಲಿ ಹೊಡೆದಿದ್ದರಂತೆ.

ನಮಗೆ ಕಾಲು ಬೇಕು ಸರ್, ಕಾಲಿನ ಪಟ್ಟೆ ನೋಡಬೇಕು, ಇದರಲ್ಲಿ ಕಾಲು ಯಾವುದು, ಮೀಸೆ ಯಾವುದು ಗೊತ್ತಾಗುವುದಿಲ್ಲ ಎಂದೆ. ಅವರಿಗೆ ಬೇಜಾರಾಯಿತು.

"ಸತ್ತದ್ದ ಬೇಕು ಅಂದಿದ್ರಿ. ಇದಕ್ಕಿಂತ ಹೆಚ್ಚು ಹೆಂಗ ಸಾಯಬೇಕ್ರಿ ಅದು?"

ಇಡೀ ಸೊಳ್ಳೆ ಬೇಕು, ಒಂದು ಬಾಟಲಿಯಲ್ಲಿ ಹಿಡಿದು ರಾತ್ರಿ ಫ್ರೀಜರಿನಲ್ಲಿಡಿ, ತಾನಾಗಿ ಸಾಯುತ್ತದೆ ಎಂದು ತಿಳಿಸಿ ಹೇಳಿದೆ. ಮುಂದಿನ ಸಲ ಅವರು ಬಂದಾಗ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ ಇತ್ತು. ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿತ್ತು. ಒಳಗೆ ಒಂದು ಸೊಳ್ಳೆ ಆರೋಗ್ಯವಾಗಿ ಹಾರಾಡುತ್ತಿತ್ತು. ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯ ಉಂಡೆಯೂ ಇತ್ತು. ಫ್ರೀಜರಿಗೆ ಹಾಕಲು ಅವರ ಮಗಳು ಬಿಟ್ಟಿಲ್ಲ. ಅದಕ್ಕೆ ಒಂದು ಹೆಸರನ್ನೂ ಇಟ್ಟಿದ್ದಾಳೆ. ಆ ಹೆಸರು ತಮ್ಮ ತಾಯಿಯದು, ಹೀಗಾಗಿ ಕೊಲ್ಲಲು ಈಗ ತಮಗೂ ಕೈ ಬರುತ್ತಿಲ್ಲ ಎಂದರು.

ಭೂತಗನ್ನಡಿ ಹಿಡಿದು ನೋಡಿದೆ. ಇಂಗ್ಲೆಂಡಿನದೇ ದೊಡ್ಡ ಜಾತಿ. ಅದಕ್ಕೂ ಕಾಲಿಗೆ ಬಿಳಿ ಪಟ್ಟೆ ಇರುತ್ತದೆ, ಬೆನ್ನಿನ ಗೆರೆ ಮಾತ್ರ ಇರುವುದಿಲ್ಲ. ಸುಮ್ಮನೆ ನಮ್ಮ ಎದೆ ಝಲ್ಲೆನಿಸುವುದೇ ಅದರ ಕಸುಬು. ನಿಮ್ಮದು ನಿರಪಾಯಕಾರಿ ಅಂದೆ. ಅವರು ನಿಟ್ಟುಸಿರು ಬಿಟ್ಟು, ಬಾಟಲಿಯನ್ನು ಮುಂದಿನ ಸೀಟಿನಲ್ಲಿಟ್ಟು, ಬೆಲ್ಟ್ ಹಾಕಿ, ತಾಯಿಯವರನ್ನು ವಾಪಸ್ಸು ಕರೆದುಕೊಂಡು ಹೋದರು.

ಸೊಳ್ಳೆ ಸಿಗದ ಪೋಸ್ಟ್‌ಕೋಡ್

ಬೇಸಿಗೆ ಮುಗಿಯುತ್ತ ಬಂತು, ಹುಲಿ ಸೊಳ್ಳೆ ಬರಲಿಲ್ಲ. ನನಗೆ ನಿದ್ದೆಯೂ ಬರುತ್ತಿರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಸೊಳ್ಳೆ ಕೆಲಸ ಈ ದೇಶದಲ್ಲಿ ಎಲ್ಲಿ ಹುಡುಕಲಿ? ಅಷ್ಟರಲ್ಲಿ ಬಾಸ್ ನಕ್ಷೆಯಲ್ಲಿ ಒಂದು ವಿಚಿತ್ರ ಕಂಡುಹಿಡಿದರು. ಲೀಡ್ಸ್‌ನಿಂದ ನಾಟಿಂಗ್‌ಹ್ಯಾಮಿನವರೆಗೆ ಎಲ್ಲ ಕಡೆ ಬಕೆಟ್‌ಗಳಲ್ಲಿ ಇಲ್ಲಿನ ಸಾಧಾರಣ ಸೊಳ್ಳೆಯ ಮೊಟ್ಟೆ, ಮರಿ ಸಿಕ್ಕಿವೆ. ನಾಟಿಂಗ್‌ಹ್ಯಾಮಿನ ಒಂದು ಪೋಸ್ಟ್‌ಕೋಡಿನಲ್ಲಿ ಮಾತ್ರ, ಮೇ ತಿಂಗಳಿಂದ ಈಚೆಗೆ, ಒಂದೂ ಇಲ್ಲ. ನೀರು ಕೂಡ ಕನ್ನಡಿಯಂತೆ ಇದೆ. ಅದು ನಮ್ಮದೇ ಪೋಸ್ಟ್‌ಕೋಡ್. ಆಸ್ಪತ್ರೆಯ ಹತ್ತಿರ, ಕನ್ನಡದ ಡಾಕ್ಟರುಗಳು ಅಕ್ಕಪಕ್ಕ ಮನೆ ಮಾಡಿಕೊಂಡಿರುವ ಬೀದಿಗಳು.

ಮೀಟಿಂಗಿನಲ್ಲಿ ಇದೇ ಚರ್ಚೆ. ಬಾವಲಿಗಳು ತಿನ್ನುತ್ತಿರಬಹುದು ಎಂದರು ಒಬ್ಬರು. ಮಣ್ಣಿನ ಗುಣ ಎಂದರು ಇನ್ನೊಬ್ಬರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಹಳ ಸುತ್ತಿ ಬಳಸಿ, ಅಲ್ಲಿನ ಅಡುಗೆಮನೆಗಳ ಕಡೆಯಿಂದ ಏನಾದರೂ ಪರಿಣಾಮ ಇರಬಹುದೇ ಎಂದಳು. ಎಲ್ಲರೂ ಮುಜುಗರದಿಂದ ಸೂರು ನೋಡಿದರು. ನಾನು ಮಾತ್ರ, ಇರಬಹುದು, ಇಂಗಿನ ಬಗ್ಗೆ ಸಂಶೋಧನೆ ಆಗಬೇಕು ಎಂದೆ. ಕೆಲಸ ಉಳಿಯುವುದಾದರೆ ಇಂಗಾದರೇನು, ಬೆಳ್ಳುಳ್ಳಿಯಾದರೇನು.

ಬಾಸ್ ಈ ರಹಸ್ಯವನ್ನೇ ಮುಂದಿಟ್ಟುಕೊಂಡು ಕಾಂಟ್ರ್ಯಾಕ್ಟ್ ಮುಂದುವರಿಸಲು ಅರ್ಜಿ ಬರೆದರು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅರ್ಜಿ ಕಳಿಸುವ ಮುಂಚೆ ಒಮ್ಮೆ ಕಣ್ಣಾರೆ ನೋಡಬೇಕೆಂದು ಒಂದು ಬೆಳಿಗ್ಗೆ ಅವರೇ ಕಾರು ಹತ್ತಿ ಬಂದರು. ಇಬ್ಬರೂ ಅರಿವಳಿಕೆ ಡಾಕ್ಟರ ಮನೆಯ ಹಿತ್ತಲಿನ ಗೇಟು ತೆಗೆದೆವು.

ಒಳಗೆ ನಮ್ಮ ಅತ್ತೆ ಇದ್ದರು. ಮೇ ತಿಂಗಳಲ್ಲಿ ಮೈಸೂರಿಂದ ಆರು ತಿಂಗಳ ವೀಸಾದಲ್ಲಿ ಬಂದವರು, ರೇಷ್ಮೆ ಅಂಚಿನ ಸೀರೆಯ ಮೇಲೆ ಮಗನ ಜಾಕೆಟ್ ಹಾಕಿಕೊಂಡು, ಕಾಲುಚೀಲದ ಮೇಲೆ ನೀಲಿ ಹವಾಯಿ ಚಪ್ಪಲಿ ಮೆಟ್ಟಿ, ನನ್ನ ಬಕೆಟ್ಟನ್ನು ತೆಂಗಿನ ನಾರಿನಲ್ಲಿ ತಿಕ್ಕುತ್ತಿದ್ದರು. ಅವರ ಜೊತೆ ದಿನಾ ವಾಕಿಂಗ್ ಹೋಗುವ ಇಬ್ಬರು ಗೆಳತಿಯರಿದ್ದರು, ಅವರೂ ಹೀಗೇ ಮಕ್ಕಳ ಮನೆಗೆ ಬಂದವರು. ಒಬ್ಬರು ನಲ್ಲಿಯಿಂದ ಚೊಂಬಿನಲ್ಲಿ ಹೊಸ ನೀರು ತರುತ್ತಿದ್ದರು. ಇನ್ನೊಬ್ಬರು ಮರದ ಪಟ್ಟಿಯನ್ನು ಒರೆಸಿ, ಮೊದಲಿದ್ದ ಜಾಗದಲ್ಲೇ ನಿಲ್ಲಿಸುತ್ತಿದ್ದರು. ದೇವರ ಕಲಶಕ್ಕೂ ಇಷ್ಟು ಮಡಿ ಇರುವುದಿಲ್ಲ.

ಬಾಸ್ ಬಕೆಟ್ಟಿನೊಳಗೆ ಇಣುಕಿ ನೋಡಿದರು. ಅತ್ತೆ ನನ್ನನ್ನು ನೋಡಿ, ಇವರು ನಿಮ್ಮ ಸಾಹೇಬರಾ, ಒಳ್ಳೇದಾಯ್ತು, ಮನೆಗೆ ಕರಿ, ಕಾಫಿ ಕುಡಿದು ಹೋಗಲಿ ಎಂದರು.

ಎಲ್ಲರೂ ನಮ್ಮ ಮನೆಗೆ ಬಂದರು. ಬಾಗಿಲಲ್ಲಿ ಮೂವರು ಹೆಂಗಸರೂ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ಬಾಸ್ ಕೂಡ ಬೂಟು ಬಿಚ್ಚಿ, ಕಾಲುಚೀಲದ ತೂತು ಕಾಣದಂತೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು ಕೂತರು. ಕಾಫಿ ಒಂದು ಗುಟುಕು ಕುಡಿದು, ಯಾಕೆ ಹೀಗೆ ಮಾಡಿದರು ಎಂದು ಕೇಳು ಎಂದರು. ಅತ್ತೆಗೆ ಇಂಗ್ಲಿಷ್ ಬಾರದು, ಬಾಸ್‌ಗೆ ಕನ್ನಡ ಬಾರದು. ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕುವ ಮಾತನ್ನು ನಾನೇ ಅನುವಾದ ಮಾಡಬೇಕಾಗಿ ಬಂತು.

ಅತ್ತೆ ಹೇಳಿದರು, "ನೀನೇ ಫೋನಿನಲ್ಲಿ ಹೇಳ್ತಿದ್ದೆಯಲ್ಲಮ್ಮ, ಬಕೆಟ್‌ನಲ್ಲಿ ಏನು ಸಿಗತ್ತೆ ಅನ್ನೋದರ ಮೇಲೆ ನನ್ನ ಕೆಲಸ ನಿಂತಿದೆ ಅಂತ. ಹೋಗಿ ನೋಡಿದರೆ ಎಲ್ಲದರಲ್ಲೂ ಹುಳ. ಸೊಳ್ಳೆ ಇಲಾಖೆಯವಳ ಬಕೆಟ್‌ನಲ್ಲೇ ಸೊಳ್ಳೆ ಮರಿ ಅಂದರೆ ಯಾರಾದರೂ ಕೆಲಸದಲ್ಲಿ ಇಟ್ಕೋತಾರಾ?"

ಪಾಪ, ನನಗೆ ಪುರುಸೊತ್ತಿಲ್ಲ, ನೀರು ಬದಲಾಯಿಸುವುದು ಮರೆತಿದ್ದೇನೆ ಎಂದುಕೊಂಡು ಮೂವರೂ ಬೀದಿಬೀದಿ ಹಂಚಿಕೊಂಡಿದ್ದರು. ಅತ್ತೆ ಎರಡು ವರ್ಷದ ಹಿಂದೆ ಡೆಂಗಿ ಬಂದು, ಪ್ಲೇಟ್‌ಲೆಟ್ ಇಳಿದು, ಬದುಕಿ ಬಂದವರು. ಬರೀ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ಗೋಡೆಗೆ ಅಂಟಿರುತ್ತದೆ, ತಿಕ್ಕಬೇಕು ಎಂದು ಮನೆಮನೆಗೆ ಬರುವ ಆರೋಗ್ಯ ಇಲಾಖೆಯವರಿಂದ ಕಲಿತಿದ್ದರು. ಖಾಲಿ ಬಿಟ್ಟರೆ ನಾನು ಬೈಸಿಕೊಳ್ಳಬಹುದೆಂದು ಮತ್ತೆ ತುಂಬುತ್ತಿದ್ದರು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು, ಅಳುವೂ ಬಂತು. ಬೇರೆ ಏನಾದರೂ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಇಂಗಿನ ನೆಪ ಇನ್ನೂ ಕೈಯಲ್ಲಿತ್ತು. ಆದರೆ ಆ ಹೆಂಗಸು ನನಗಾಗಿ ಚಳಿಯಲ್ಲಿ ಬೆಳಿಗ್ಗೆ ಎದ್ದು ಹುಳ ತೊಳೆದಿದ್ದಾರೆ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಬಾಸ್ ಕಾಫಿ ಪೂರ್ತಿ ಕುಡಿದರು. ನೀರು ಚೆಲ್ಲುವಾಗ ಬೇರೆ ತರಹದ ಸೊಳ್ಳೆ ಏನಾದರೂ ಕಂಡಿತ್ತೇ ಕೇಳು ಎಂದರು.

"ಮೊನ್ನೆ ಒಂದಿತ್ತಪ್ಪ," ಅಂದರು ಅತ್ತೆ, "ಬಕೆಟ್ ಅಂಚಿನಲ್ಲಿ ಕೂತಿತ್ತು. ಕಾಲಿಗೆ ಬಿಳಿ ಪಟ್ಟೆ, ಥೇಟ್ ನಮ್ಮ ಊರಿಂದೇ. ಚಪ್ಪಲಿ ತಗೊಂಡು ಬಾರಿಸಿದೆ."

ಲೀಡ್ಸಿನ ಆ ಮುಖದಲ್ಲಿ ಮೊದಲ ಸಲ ಏನೋ ಅಲುಗಾಡಿದ್ದನ್ನು ಕಂಡೆ. ಬಟ್ಟಲು ಕೆಳಗಿಟ್ಟು, ಯಾವ ಚಪ್ಪಲಿ ಎಂದು ಕೇಳಿದರು. ಬಾಗಿಲಿಗೆ ಹೋಗಿ ನೋಡಿದರೆ ಮೂರು ಜೊತೆಯೂ ಒಂದೇ ತರಹ. ಮೂವರೂ ಒಟ್ಟಿಗೆ, ಎಲ್ಲವನ್ನೂ ಒಂದೇ ಪೌಂಡಿಗೆ ಮಾರುವ ಅಂಗಡಿಗೆ ಹೋಗಿ ಕೊಂಡದ್ದು, ಒಂದೇ ಅಳತೆ. ಯಾರದು ಯಾರದು ಎಂದು ಅವರಿಗೇ ಗೊತ್ತಿಲ್ಲ, ಬೇಸಿಗೆಯೆಲ್ಲ ಅದಲುಬದಲು ಮೆಟ್ಟಿದ್ದಾರೆ. ಬಾಸ್ ಮಂಡಿಯೂರಿ ಕೂತು, ಆರೂ ಚಪ್ಪಲಿಗಳನ್ನು ಒಂದೊಂದಾಗಿ ಮಾದರಿ ಚೀಲಕ್ಕೆ ಹಾಕಿ, ಮುಚ್ಚಿ, ಗುರುತು ಬರೆದರು. ಗೆಳತಿಯರಿಬ್ಬರೂ ನನ್ನ ಗಂಡನ ಬೂಟುಗಳಲ್ಲಿ ಮನೆಗೆ ಹೋದರು. ಆ ಬೂಟುಗಳನ್ನು ಕೊಡಲು, ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದ ಗಂಡ ಬಹಳ ಸಂಕೋಚಪಟ್ಟರು, ಫಂಗಸ್ ಇದೆ ಎಂದರು.

ಪ್ರಯೋಗಾಲಯದಲ್ಲಿ ನಾಲ್ಕನೆಯ ಚಪ್ಪಲಿಯ ಅಡಿಯಲ್ಲಿ ಒಂದೂವರೆ ಕಾಲು, ಸ್ವಲ್ಪ ಬೆನ್ನು ಸಿಕ್ಕಿತು. ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಾಲಿಗೆ ಪಟ್ಟೆ ಇತ್ತು, ಬೆನ್ನಿಗೆ ಬೆಳ್ಳಿ ಗೆರೆ ಇರಲಿಲ್ಲ. ಮ್ಯಾಕಲ್ಸ್‌ಫೀಲ್ಡಿನ ತಾಯಿಯವರ ಜಾತಿಯೇ. ದೇಶ ಉಳಿಯಿತು, ನಾನು ಮುಳುಗಿದೆ ಎಂದುಕೊಂಡೆ.

ಬಾಸ್ ಮಾತ್ರ ಕೂತು ಅರ್ಜಿಯನ್ನು ಮೊದಲಿಂದ ಬರೆದರು. ಯಾವ ಔಷಧಿಯನ್ನೂ ಸಿಂಪಡಿಸದೆ, ಬರೀ ನೀರು ಚೆಲ್ಲಿ ಬಕೆಟ್ ತಿಕ್ಕಿದ್ದರಿಂದ ಒಂದು ಬಡಾವಣೆಯ ಬಕೆಟ್‌ಗಳಲ್ಲಿ ಇಡೀ ಬೇಸಿಗೆ ಸೊಳ್ಳೆ ಹುಟ್ಟಲಿಲ್ಲ. ಸುತ್ತಲಿನ ಎಲ್ಲ ಕಡೆ ಹುಟ್ಟಿತು. ನಾಳೆ ಹುಲಿ ಸೊಳ್ಳೆ ಬಂದರೆ ಮಾಡಬೇಕಾದದ್ದು ಇದೇ, ಮುಂದಿನ ಬೇಸಿಗೆ ಇದನ್ನು ಸರಿಯಾಗಿ ಪರೀಕ್ಷಿಸೋಣ ಎಂದು ಬರೆದರು. ಮೇಲಿನವರು ಒಪ್ಪಿದರು, ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯಿತು. ಸುದ್ದಿ ಹೇಳುವಾಗ ಬಾಸ್ "ನಾಟ್ ಬ್ಯಾಡ್" ಅಂದರು. ನಾನು ಥ್ಯಾಂಕ್ಸ್ ಹೇಳಲು ಹೊರಟೆ. ಅವರು ತಡೆದು, ನಿನಗಲ್ಲ, ನಿಮ್ಮ ಅತ್ತೆಗೆ ತಿಳಿಸು ಎಂದರು.

ಮನೆಗೆ ಓಡಿಬಂದು ಅತ್ತೆಗೆ ತಿಳಿಸಿದೆ, ಕೆಲಸ ಉಳಿಯಿತು ಅತ್ತೆ ಎಂದೆ. ಅವರು ಒಲೆಯ ಮೇಲಿದ್ದ ಹಾಲಿನಿಂದ ಕಣ್ಣು ತೆಗೆಯಲಿಲ್ಲ.

"ಉಳೀದೆ ಏನು? ಬಕೆಟ್ ಚೊಕ್ಕಟವಾಗಿದ್ದರೆ ಯಾರಮ್ಮ ಕೆಲಸದಿಂದ ತೆಗೀತಾರೆ?"